ನಾಣ್ಯಪರೀಕ್ಷೆ

ಟಿಪ್ಪುಸುಲ್ತಾನನ ಜನ್ಮಸ್ಥಳವಾದ ದೇವನಹಳ್ಳಿಯಲ್ಲಿ ವೃದ್ಧ ಗೃಹಸ್ಥರೊಬ್ಬರು, ಮೊಮ್ಮಗನ ಉಪನಯನಕ್ಕೆ ಉಡುಗೊರೆಯಾಗಲೆಂದು, ಅಂತರ್ಜಾಲದ ಮೂಲಕ ೧೮೮೧ನೆಯ ಇಸವಿಯ ಅಮೆರಿಕದ ಬೆಳ್ಳಿಯ ಡಾಲರೊಂದನ್ನು ತರಿಸಿದರು. ಅಕ್ಕಸಾಲಿಯ ತಕ್ಕಡಿಯಲ್ಲಿ ಅದು ೨೬.೭ ಗ್ರಾಂ ತೂಗಿತು. ತೂಕವೇನೋ ಸರಿಯೇ, ಆದರೆ ಅಂಚು ತುಸು ದಪ್ಪವಾಗಿತ್ತು. ದಾರ ಕಟ್ಟಿ ನೀರಿಗಿಳಿಸಿ ತೂಗಿದರು. ಹತ್ತರಲ್ಲೊಂಬತ್ತು ಪಾಲು ಬೆಳ್ಳಿಯುಳ್ಳ ನಿಜವಾದ ಡಾಲರಿನ ತೂಕವು ನೀರಿನಲ್ಲಿ ಸುಮಾರು ೨.೬ ಗ್ರಾಂ ಕುಗ್ಗತಕ್ಕದ್ದು. ಇದರದು ೩ ಗ್ರಾಂ ಕುಗ್ಗಿತು. ಹಗುರವಾದ ಲೋಹವು ಅಷ್ಟೇ ತೂಕಕ್ಕೆ ಹೆಚ್ಚು ಸ್ಥಳವನ್ನು ಬೇಡುವುದಷ್ಟೆ!

ವೃದ್ಧರು ಮರುಮಾತನಾಡಲಿಲ್ಲ. ಉಪನಯನದ ದಿನ, ತಂದೆಯವರು ತಮಗಿತ್ತಿದ್ದ, ಆನೆಯ ಮುದ್ರೆಯುಳ್ಳ ಟಿಪ್ಪುವಿನ ತಾಮ್ರದ ಕಾಸನ್ನು ಹಳೆಯ ಪೆಟ್ಟಿಗೆಯಿಂದ ತೆಗೆದು ವಟುವಿನ ಕೈಯಲ್ಲಿಟ್ಟರು. ಪೇಟೆಯಲ್ಲಿ ಅದರ ಬೆಲೆ ಅಲ್ಪವೇ. ಆದರೆ ಅದು ಬಂದ ದಾರಿಯನ್ನು ಮನೆಯವರೆಲ್ಲರೂ ಬಲ್ಲರು.