ರೂಪಾಯಿಯ ದನಿ

ಅರುವತ್ತು ತುಂಬಿದ ಮೇಲೆ ಮನುಷ್ಯನಿಗೆ ಒಂದೋ ಭಕ್ತಿ ಹುಟ್ಟಬೇಕು, ಇಲ್ಲವೇ ಹವ್ಯಾಸ ಹುಟ್ಟಬೇಕು. ಉಚ್ಚಿಲದ ನಿವೃತ್ತ ಮೇಷ್ಟ್ರೊಬ್ಬರಿಗೆ ಹುಟ್ಟಿದ್ದು ಎರಡನೆಯದು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕನ್ನು ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರ ಉಡುಪಿಯ ಮನೆಯಲ್ಲಿ ಏರ್ಪಟ್ಟಿದ್ದ ನಾಣ್ಯ ಸಂಗ್ರಹಾಲಯವನ್ನು ಒಮ್ಮೆ ನೋಡಿ ಬಂದದ್ದೇ ಅದಕ್ಕೆ ನೆಪವಾಯಿತು. ಬಾರಕೂರಿನಿಂದ ಆಳಿದ ಆಳುಪರ ಹೊನ್ನಿನ ನಾಣ್ಯಗಳ ಮೇಲೆ ಜೋಡಿ ಮೀನುಗಳಿವೆಯೆಂದು ತಿಳಿದಾಗ, ದಿನವೂ ಮೀನಿನ ದೋಣಿಗಳನ್ನು ಕಾಣುವ ಊರಿನ ಅವರಿಗೆ ನೆಂಟರನ್ನೇ ಕಂಡಷ್ಟು ಸಂತೋಷವಾಯಿತು. ಆದರೆ ಹೊನ್ನು ಪಿಂಚಣಿಗೆ ಎಟುಕುವ ವಸ್ತುವಲ್ಲ. ಬೆಳ್ಳಿಯ ರೂಪಾಯಿಯಿಂದ ಪ್ರಾರಂಭಿಸುವುದೆಂದು ನಿಶ್ಚಯಿಸಿದರು.

ಅಂಥ ರೂಪಾಯಿಯೊಂದು ಮನೆಯಲ್ಲೇ ಇತ್ತು. ಐದನೆಯ ಜಾರ್ಜ್ ದೊರೆಯ ಮುಖವುಳ್ಳ, 1918ರ ನಾಣ್ಯ. ಅಮ್ಮನ ಮದುವೆಯಲ್ಲಿ ಅವರ ತಂದೆ ಕೈಗಿತ್ತದ್ದು. ಪ್ರತಿ ದೀಪಾವಳಿಗೂ ಲಕ್ಷ್ಮಿಯ ಮುಂದೆ ತಟ್ಟೆಯಲ್ಲಿ ಕುಳಿತದ್ದು. ಮೇಷ್ಟ್ರು ಅದನ್ನು ಅಮ್ಮನಿಗೆ ತಿಳಿಸದೆ ಕರವಸ್ತ್ರದಲ್ಲಿ ಕಟ್ಟಿಕೊಂಡು ನಾಣ್ಯದ ವ್ಯಾಪಾರಿಯೊಬ್ಬರ ಬಳಿಗೆ ಹೋದರು. ವ್ಯಾಪಾರಿ ಭೂತಗನ್ನಡಿ ಹಿಡಿದು ನೋಡಿ, "ಇದನ್ನು ತಿಕ್ಕಿದ್ದಾರಲ್ಲ ಸ್ವಾಮಿ" ಎಂದರು.

ನಾಣ್ಯಗಳಿಗೆ ಅಂಕ ಕೊಡುವ ಪದ್ಧತಿಯನ್ನು ಮೇಷ್ಟ್ರು ಕೇಳಿದ್ದು ಅಂದೇ. ಮಕ್ಕಳಿಗೆ ನೂರಕ್ಕೆ ಅಂಕ ಕೊಟ್ಟವರು ಅವರು, ನಾಣ್ಯಗಳಿಗೆ ಎಪ್ಪತ್ತಕ್ಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ನಾಣ್ಯಗಳಿಗೆಂದು ಹೂಡಿದ ಲೆಕ್ಕವಿದು. 1980ರ ದಶಕದಲ್ಲಿ ಅಲ್ಲಿಯ ಸಂಸ್ಥೆಗಳು ಅದನ್ನೇ ವೃತ್ತಿಯಾಗಿಸಿದವು. ಪರಿಣತರು ನಾಣ್ಯವನ್ನು ಪರೀಕ್ಷಿಸಿ, ಅಂಕ ನಿರ್ಧರಿಸಿ, ಚೀಟಿಯೊಡನೆ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಮುಚ್ಚಿ ಮೊಹರು ಮಾಡುತ್ತಾರೆ. ಅರುವತ್ತಕ್ಕೆ ಮೇಲ್ಪಟ್ಟರೆ ಆ ನಾಣ್ಯ ಚಲಾವಣೆಯ ಸವೆತ ಕಾಣದ್ದೆಂದು ಅರ್ಥ. ಟಂಕಸಾಲೆಯ ಅಚ್ಚಿನಿಂದ ಬಂದ ಹೊಳಪೊಂದುಂಟು. ಬೂದಿ ಹಾಕಿ ತಿಕ್ಕಿದರೆ ಅದು ಹೋಗಿ, ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ. ಹೋದ ಹೊಳಪು ಮತ್ತೆ ಬಾರದು. ಅಂಥ ನಾಣ್ಯಕ್ಕೆ ಅಂಕವಿಲ್ಲ. ತಿಕ್ಕಿದ್ದೆಂಬ ಷರಾ ಮಾತ್ರ.

ಮೇಷ್ಟ್ರು ಅಮ್ಮನ ರೂಪಾಯಿಯನ್ನು ಸದ್ದಿಲ್ಲದೆ ಪೆಟ್ಟಿಗೆಗೆ ಸೇರಿಸಿದರು. ಕೆಲವು ದಿನಗಳ ಮೇಲೆ, ಅದೇ 1918ರ, 62 ಅಂಕದ ಇನ್ನೊಂದನ್ನು ಕೊಂಡರು. ಡಬ್ಬಿಗಳಲ್ಲೂ ನಕಲಿಗಳುಂಟೆಂದು ಕೇಳಿ, ಚೀಟಿಯ ಸಂಖ್ಯೆಯನ್ನೂ ಚಿತ್ರವನ್ನೂ ಸಂಸ್ಥೆಯ ದಾಖಲೆಯೊಡನೆ ತಾಳೆ ನೋಡಿಯೇ ಹಣ ಕೊಟ್ಟರು. ಎರಡೂ ಒಂದು ತೊಲದ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿರುವಂತೆ ಅಚ್ಚಾದ ನಾಣ್ಯಗಳೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಅಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನು ಹೊರಗೆ ತೆಗೆಯಲಿಕ್ಕೆ ಆಗುವುದಿಲ್ಲವಾ?"

"ಇಲ್ಲಮ್ಮಾ. ತೆಗೆದರೆ ಅಂಕ ಹೋಯಿತು."

"ಹಾಗಾದರೆ ಇದರ ದನಿ ಕೇಳುವುದು ಹೇಗೆ ಮಗಾ?"

ಅವರ ತಂದೆಗೆ ದಿನಸಿಯ ಅಂಗಡಿಯಿತ್ತು. ಕೈಗೆ ಬಂದ ಬೆಳ್ಳಿಯ ರೂಪಾಯಿಯನ್ನು ಕಲ್ಲಿನ ಮೇಲೆ ಹಾಕಿ, ದನಿ ಕೇಳಿಯೇ ಗಲ್ಲಕ್ಕೆ ಸೇರಿಸುತ್ತಿದ್ದರು. ಒಳ್ಳೆಯದು ಗಂಟೆಯಂತೆ ನುಡಿಯುತ್ತಿತ್ತು. ಸೀಸದ ಖೋಟಾ ನಾಣ್ಯ ಧೊಪ್ಪೆನ್ನುತ್ತಿತ್ತು. ಮಗಳ ಕೈಗೆ ಕೊಡುವ ರೂಪಾಯಿಯನ್ನೂ ಹಾಗೆಯೇ ನುಡಿಸಿ ನೋಡಿದ್ದರಂತೆ.

ದೀಪಾವಳಿ ಬಂತು. ಅಮ್ಮ ಬೂದಿಯನ್ನೂ ಅಂಟುವಾಳದ ನೀರನ್ನೂ ಇಟ್ಟುಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತರು. ಇನ್ನು ತಿಕ್ಕಬಾರದೆಂದು ಹೇಳಲು ಮೇಷ್ಟ್ರು ಹದಿನೈದು ದಿನಗಳಿಂದ ಮಾತು ಕೂಡಿಸಿಟ್ಟಿದ್ದರು. ದೊರೆಯ ಗಡ್ಡ ಆಗಲೇ ಅರ್ಧ ಸವೆದಿತ್ತು. ಬಾಗಿಲವರೆಗೆ ಬಂದು, ತಿಕ್ಕುತ್ತಿದ್ದ ಆ ಬೆರಳುಗಳನ್ನು ನೋಡುತ್ತ ನಿಂತರು. ಮಾತು ಹೊರಡಲಿಲ್ಲ.

ಅಮ್ಮ ರೂಪಾಯಿಯನ್ನು ತೊಳೆದು, ಸೆರಗಿನಲ್ಲಿ ಒರಸಿ, ಕಲ್ಲಿನ ಮೇಲೆ ಹಾಕಿದರು. ದನಿ ಹಿತ್ತಿಲ ತುಂಬ ಕೇಳಿಸಿತು.

"ಸರಿ ಉಂಟು" ಎಂದು ಅದನ್ನು ತಟ್ಟೆಯಲ್ಲಿಟ್ಟರು. ಮೇಷ್ಟ್ರು ಒಳಗೆ ಹೋಗಿ, ಡಬ್ಬಿಯ ರೂಪಾಯಿಯನ್ನೂ ತಂದು ಅದರ ಪಕ್ಕದಲ್ಲಿಟ್ಟರು.