ಹೌಸಿಂಗಿನ ಡಬ್ಬಿ

ಖಂಡಾಲಾ ಘಾಟಿನ ಇಳಿಜಾರು ಆಗಷ್ಟೇ ಶುರುವಾಗಿತ್ತು. ಕುರಕುಂಭದಿಂದ ರಾಸಾಯನಿಕದ ಡ್ರಮ್ಮುಗಳನ್ನು ಹೇರಿಕೊಂಡು ಡೊಂಬಿವಲಿಗೆ ಹೊರಟಿದ್ದ ಇಂಡಿ ಕಡೆಯ ಆ ಹುಡುಗ ಗೇರನ್ನು ನಾಲ್ಕರಿಂದ ಮೂರಕ್ಕೆ ಇಳಿಸಲು ಹೋದ. ನಾಲ್ಕರಿಂದ ಬಿಟ್ಟು ಬಂದದ್ದು ಮೂರಕ್ಕೆ ಬೀಳಲಿಲ್ಲ. ಕರಕರ ಸದ್ದು ಮಾತ್ರ. ಮತ್ತೊಮ್ಮೆ ಒತ್ತಿದ, ಮತ್ತೆ ಕರಕರ. ಅಷ್ಟರಲ್ಲಿ ನ್ಯೂಟ್ರಲ್ಲಿನಲ್ಲಿದ್ದ ಲಾರಿ ತನ್ನ ತೂಕಕ್ಕೇ ವೇಗ ಹಿಡಿಯತೊಡಗಿತ್ತು.

ಬ್ರೇಕು ಇನ್ನೂ ಕಾದಿರಲಿಲ್ಲ, ಅದೇ ಅವನನ್ನು ಉಳಿಸಿತು. ಬಲವಾಗಿ ತುಳಿದು ರಸ್ತೆಯಂಚಿಗೆ ನಿಲ್ಲಿಸಿದ. ಇಂಥ ಇಳಿಜಾರಿನಲ್ಲಿ ಲಾರಿಯನ್ನು ಹಿಡಿಯಬೇಕಾದದ್ದು ಎಂಜಿನ್ನು. ಬರೀ ಬ್ರೇಕನ್ನೇ ನಂಬಿದರೆ ಲೈನಿಂಗ್ ಕಾದು ಹಿಡಿತ ಬಿಡುತ್ತದೆ. ನಿಂತ ಗಾಡಿಗೆ ಎರಡನೇ ಗೇರು ಸಲೀಸಾಗಿ ಬಿತ್ತು. ಹಿಂದಿನವರ ಹಾರ್ನು, ಬೈಗುಳ ಕೇಳಿಕೊಂಡು ಅದೇ ಗೇರಿನಲ್ಲಿ ಪೂರ್ತಿ ಘಾಟು ಇಳಿದ. ಹಿಂದೆ ಡ್ರಮ್ಮುಗಳಿವೆ ಎಂಬುದು ದಾರಿಯುದ್ದಕ್ಕೂ ನೆನಪಿತ್ತು. ಅವನ್ನು ಇಳಿಸಬೇಕಾಗಿದ್ದುದು 2016ರಲ್ಲೂ 2024ರಲ್ಲೂ ಮೇ ತಿಂಗಳ ಸ್ಫೋಟಗಳಲ್ಲಿ ಜೀವ ಕಳೆದುಕೊಂಡ ಡೊಂಬಿವಲಿ ಎಂಐಡಿಸಿಯಲ್ಲಿ.

ಮಾಲು ಇಳಿಸಿದ ಮೇಲೆ ಅವನು ಹೋದದ್ದು ಅಲ್ಲೇ ಹತ್ತಿರದ ಗ್ಯಾರೇಜಿಗೆ. ಮಿಸ್ತ್ರಿ ಕಲಬುರಗಿ ಕಡೆಯವರು. ಗೇರ್ ಬಾಕ್ಸಿನ ಅಡಿಯ ಬೋಲ್ಟು ಬಿಚ್ಚಿ ಎಣ್ಣೆಯನ್ನು ತಟ್ಟೆಗೆ ಇಳಿಸಿ, ಬಿಸಿಲಿಗೆ ಹಿಡಿದರು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಉಕ್ಕಿನ ಕರಿ ಪುಡಿ ಸ್ವಲ್ಪವೇ ಅಂಟಿತ್ತು. ಅದು ಎಲ್ಲ ಗಾಡಿಯಲ್ಲೂ ಇರುವಂಥದ್ದೇ. ಆದರೆ ತಟ್ಟೆಯ ಎಣ್ಣೆಯೊಳಗೆ ಚಿನ್ನದ ಧೂಳಿನಂತೆ ಏನೋ ಮಿನುಗುತ್ತಿತ್ತು. ಅಯಸ್ಕಾಂತಕ್ಕೆ ಅಂಟದ ಹಿತ್ತಾಳೆ.

“ಯಾವ ಎಣ್ಣಿ ಹಾಕಿದ್ದಿ ತಮ್ಮಾ?”

“ಹೌಸಿಂಗಿಗೆ ತಂದದ್ದು ಉಳದಿತ್ತರೀ ಕಾಕಾ. 140 ನಂಬರ್. ದೊಡ್ಡ ನಂಬರ್ ಅಂತ ಇದಕ್ಕೂ ಅದನ್ನ ಹಾಕಿದೆ.”

ಕಂಜೂಸುತನಕ್ಕೆ ಹಾಕಿದ್ದಲ್ಲ. ಹಾಗೆ ಹಾಕಬೇಕೆಂದು ಅವನು ನಂಬಿದ್ದ. ಸ್ಟೇರಿಂಗು ಹಿಡಿಯಲು ಕಲಿಸಿದ ಸೋದರಮಾವ ಹೇಳಿಕೊಟ್ಟದ್ದು ಅದು: ಎಣ್ಣೆ ದಪ್ಪವಿದ್ದಷ್ಟೂ ಗೇರಿಗೆ ಆಯುಷ್ಯ ಹೆಚ್ಚು.

ಡಬ್ಬಿಯ ಮೇಲೆ ಎರಡು ಬೇರೆ ಬೇರೆ ಸಂಗತಿಗಳು ಬರೆದಿರುತ್ತವೆ. 80ಡಬ್ಲ್ಯು-90, 85ಡಬ್ಲ್ಯು-140 ಎನ್ನುವುದು ದಪ್ಪದ ಲೆಕ್ಕ. ನೂರು ಡಿಗ್ರಿ ಶಾಖದಲ್ಲಿ 90 ನಂಬರಿನ ಎಣ್ಣೆ 13.5ರಿಂದ 18.5 ಸೆಂಟಿಸ್ಟೋಕ್‌ನಷ್ಟು ಮಂದವಾಗಿದ್ದರೆ, 140 ನಂಬರಿನದು 24ಕ್ಕೂ ಹೆಚ್ಚು. ಜಿಎಲ್-4, ಜಿಎಲ್-5 ಎನ್ನುವುದು ಅದರೊಳಗೆ ಬೆರೆಸಿದ ಮದ್ದಿನ ಲೆಕ್ಕ. ಹಿಂದಿನ ಆಕ್ಸಲ್ಲಿನ ಹೌಸಿಂಗಿನಲ್ಲಿ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಅಲ್ಲಿ ಲೋಹಕ್ಕೆ ಲೋಹ ಅಂಟಿ ಕಿತ್ತುಬರದಂತೆ ಗಂಧಕ–ರಂಜಕದ ಮದ್ದು ಬೇಕು. ಜಿಎಲ್-5ರಲ್ಲಿ ಅದು ಜಿಎಲ್-4ರ ಸುಮಾರು ಇಮ್ಮಡಿ.

ಗೇರ್ ಬಾಕ್ಸಿನ ಸಂಸಾರವೇ ಬೇರೆ. ಅಲ್ಲಿ ಸಾಮಾನ್ಯವಾಗಿ ಗೇರಿನ ಪಕ್ಕದಲ್ಲಿ ಒಂದು ಸಿಂಕ್ರೊ ರಿಂಗ್ ಕೂತಿರುತ್ತದೆ, ಬಹಳ ಗಾಡಿಗಳಲ್ಲಿ ಹಿತ್ತಾಳೆಯದು. ಗೇರು ಬೀಳುವ ಮುಂಚಿನ ಕ್ಷಣದಲ್ಲಿ ಅದು ಗೇರಿನ ಕತ್ತಿಗೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಉಜ್ಜುವುದೇ ಅದರ ಕೆಲಸ. ಎಣ್ಣೆ ಅತಿಯಾಗಿ ಜಾರಿದರೆ ರಿಂಗು ಹಿಡಿಯುವುದಿಲ್ಲ, ವೇಗ ಸಮವಾಗುವುದಿಲ್ಲ, ಹಲ್ಲಿಗೆ ಹಲ್ಲು ಬಡಿಯುತ್ತದೆ. ಅದರ ಮೇಲೆ, ಗೇರ್ ಬಾಕ್ಸು ಕಾದಾಗ ಗಂಧಕ ಹಿತ್ತಾಳೆಯೊಳಗಿನ ತಾಮ್ರವನ್ನು ತಿನ್ನಲೂಬಹುದು. ಅದಕ್ಕೇ ಎಣ್ಣೆಯ ಪರೀಕ್ಷೆಗೆ ಉಜ್ಜಿ ಹೊಳಪಿಸಿದ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಮುಳುಗಿಸಿಟ್ಟು, ಅದು ಎಷ್ಟು ಕಪ್ಪಾಯಿತೆಂದು ನೋಡುತ್ತಾರೆ.

ಮಿಸ್ತ್ರಿ ಇದನ್ನೆಲ್ಲ ಹೇಳಲಿಲ್ಲ. ಬಾಕ್ಸು ಬಿಚ್ಚಿ, ಮೂರನೇ ಗೇರಿನ ರಿಂಗನ್ನು ಅಂಗೈ ಮೇಲಿಟ್ಟರು. ಒಳಮೈಯ ಸಣ್ಣ ಗೆರೆಗಳು ಸವೆದು ನುಣ್ಣಗಾಗಿದ್ದವು, ಅಲ್ಲಲ್ಲಿ ಕಪ್ಪು. “ಬೆಳಿಗ್ಗೆ ಅಷ್ಟs ಬಿರಸು ಇದ್ದು, ಕಾದ ಮ್ಯಾಲ ಹಗರ ಆದ್ರ ಎಣ್ಣಿ ದಪ್ಪ ಆಗೇದ ಅಂತ ತಿಳಿ. ಕಾದ ಮ್ಯಾಲೂ ಕರಕರ ಅಂದ್ರ ರಿಂಗ್ ಹೋಗೇದ ಅಂತ ತಿಳಿ,” ಎಂದರು. ತಿಂಗಳಿನಿಂದ ಕಾದ ಮೇಲೂ ಕರಕರ ಅನ್ನುತ್ತಲೇ ಇತ್ತು. ಕ್ಲಚ್ಚಿನ ತೊಂದರೆಯೆಂದು ಅವನು ಸುಮ್ಮನಿದ್ದ.

ಸೀಟಿನಡಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಕಂಪನಿಯ ಪುಸ್ತಕವನ್ನು ಅಂದು ಮೊದಲ ಸಲ ತೆಗೆದ. ಗೇರ್ ಬಾಕ್ಸಿಗೆ 80ಡಬ್ಲ್ಯು-90, ಜಿಎಲ್-4. ಹೌಸಿಂಗಿಗೆ ಬೇರೆ ಸಾಲು. ಬೇರೆ ಗಾಡಿಯ ಪುಸ್ತಕದಲ್ಲಿ ಬೇರೆಯೇ ಇದ್ದೀತು. ಕೆಲವು ಗೇರ್ ಬಾಕ್ಸುಗಳಿಗೆ ಎಂಜಿನ್ ಆಯಿಲನ್ನೇ ಹೇಳಿರುತ್ತಾರೆ. ರಿಂಗು, ಮಜೂರಿ, ಹೊಸ ಎಣ್ಣೆ ಸೇರಿ ಎರಡು ಟ್ರಿಪ್ಪಿನ ಉಳಿತಾಯ ಹೋಯಿತು. ಆ ತಿಂಗಳ ಕಂತಿಗೆ ಸಾಲ ಮಾಡಬೇಕಾಯಿತು.

ರಾತ್ರಿ ಮಾವನಿಗೆ ಫೋನು ಮಾಡಿದ. ಸ್ವಲ್ಪ ಸಿಟ್ಟಿನಲ್ಲೇ ಎಲ್ಲ ಹೇಳಿದ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ನಮ್ಮ ಗಾಡ್ಯಾಗ ರಿಂಗ್ ಎಲ್ಲಿದ್ದವೋ?” ಎಂದರು ಮಾವ. “ಎರಡೆರಡು ಸಲ ಕ್ಲಚ್ ತುಳದು, ಎಂಜಿನ್ನಿನ ಸಪ್ಪಳಾ ಕೇಳಿ ಗೇರ್ ಹಾಕತಿದ್ವಿ. ಆ ಗಾಡಿಗೆ ಅದs ಎಣ್ಣಿ ಬರೋಬ್ಬರಿ ಇತ್ತು.”

ಮರುದಿನ ಹೊರಡುವ ಮುಂಚೆ ಅವನು ಗ್ಯಾರೇಜಿನಲ್ಲಿ ಬಿಳಿ ಪೇಂಟು ಕೇಳಿ ಪಡೆದ. ಉಳಿದಿದ್ದ 140ರ ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: ಹೌಸಿಂಗ್ ಮಾತ್ರ.