ಆ ದೀಪ ನಮಗೈತೋ, ಗಾಡಿಗೈತೋ?

‘ರಸ್ತೆ ದಾಟುತ್ತಿದ್ದ ಪಾದಚಾರಿ ಸಾವು.’ ನಾನು ಪತ್ರಿಕೆಗೆ ಮತ್ತೆ ಮತ್ತೆ ಕಳಿಸುವ ಸುದ್ದಿ ಇದು. ಹೆಸರು, ವಯಸ್ಸು, ಊರು, ಠಾಣೆ, ನಾಲ್ಕು ಸಾಲಿಗೆ ಮುಗಿಯಿತು. ಅವರು ದಾಟುತ್ತಿದ್ದ ಕಡೆ ಜೀಬ್ರಾ ಪಟ್ಟೆ ಇತ್ತೇ, ಯಾವ ದೀಪ ಉರಿಯುತ್ತಿತ್ತು ಎಂದು ಬರೆಯಲು ಅಲ್ಲಿ ಜಾಗ ಇರುವುದಿಲ್ಲ. ಓದಿದವರು ‘ನೋಡ್ಕೊಂಡು ದಾಟಬಾರದಿತ್ತೇ’ ಅಂದು ಮುಂದಿನ ಸುದ್ದಿಗೆ ಹೋಗುತ್ತಾರೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರೇ.

ಕಳೆದ ವರ್ಷ ನಮ್ಮ ಜಿಲ್ಲಾ ಕೇಂದ್ರದ ಸರ್ಕಲ್‌ನಲ್ಲಿ ಬಿಪಿ ಗುಳಿಗೆಗೆಂದು ಬಂದಿದ್ದ ಒಬ್ಬ ಅಜ್ಜಿ ನನ್ನ ತೋಳು ಹಿಡಿದು ಕೇಳಿದಳು, “ತಮ್ಮಾ, ಆ ದೀಪ ನಮಗೈತೋ, ಗಾಡಿಗೈತೋ?”

“ಗಾಡಿಗೈತಿ ಯಮ್ಮಾ.”

“ಹಂಗಾರ ನಮ್ದು ಎಲ್ಲೈತಿ?”

ಆ ಕಂಬದಲ್ಲಿ ನಡೆಯುವವರ ದೀಪವೇ ಇರಲಿಲ್ಲ. ಸಣ್ಣ ಪಟ್ಟಣಗಳಲ್ಲಿ ಹಲವು ಕಡೆ ಇದೇ ಕತೆ. ಅಂಥಲ್ಲಿ ನೀವು ದಾಟಬೇಕಾದ ರಸ್ತೆಯ ಗಾಡಿಗಳಿಗೆ ಕೆಂಪು ಬಿದ್ದು, ಅವು ನಿಂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಪಟ್ಟೆ ಮೇಲೆ ಕಾಲಿಡಿ. ಎಡಕ್ಕೆ ತಿರುಗಿಕೊಂಡು ಬರುವ ಗಾಡಿಗಳ ಮೇಲೂ ಒಂದು ಕಣ್ಣಿರಲಿ.

ಮನುಷ್ಯನ ಚಿತ್ರದ ದೀಪ ಇದ್ದರೆ ಕೆಲಸ ಸುಲಭ. ಕೆಂಪು ಮನುಷ್ಯ ನಿಂತಿದ್ದರೆ ನಿಲ್ಲಿ, ಹಸಿರು ಮನುಷ್ಯ ನಡೆಯುತ್ತಿದ್ದರೆ ನಡೆಯಿರಿ. ಹಸಿರು ಮಿಣುಕತೊಡಗಿದರೆ ರಸ್ತೆ ಮಧ್ಯೆ ಇರುವವರು ದಾಟಿ ಮುಗಿಸಬೇಕು, ದಡದಲ್ಲಿರುವವರು ಇಳಿಯಬಾರದು. ಆದರೆ ಈ ಹಸಿರಿನ ಹೊತ್ತನ್ನು ಎಂಜಿನಿಯರುಗಳು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಲೆಕ್ಕ ಹಾಕುತ್ತಾರೆ, ಅಂದರೆ 12 ಮೀಟರ್ ರಸ್ತೆಗೆ 10 ಸೆಕೆಂಡು. ಮಂಡಿನೋವಿನ ಅಜ್ಜಿ, ಅದೂ ಕೈಚೀಲ ಹಿಡಿದು, 10 ಸೆಕೆಂಡಿನಲ್ಲಿ ದಾಟುತ್ತಾಳೆಯೇ? ವಯಸ್ಸಾದವರು ನಡುವಿನ ಡಿವೈಡರ್‌ನಲ್ಲಿ ನಿಂತು, ಮುಂದಿನ ಸರದಿಗೆ ಕಾದು ದಾಟಿದರೂ ತಪ್ಪಿಲ್ಲ.

ಇಷ್ಟೆಲ್ಲ ನಡೆಯುವವರಿಗೇ ಹೇಳುತ್ತಿದ್ದೇನೆ. ಕಾನೂನು ಹೆಚ್ಚು ಹೇಳುವುದು ಓಡಿಸುವವರಿಗೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಸಿಗ್ನಲ್ ಇಲ್ಲದ ಪಟ್ಟೆ ಹತ್ತಿರ ಬಂದಾಗ ವೇಗ ತಗ್ಗಿಸಿ, ನಿಂತು, ನಡೆಯುವವರಿಗೆ ದಾರಿ ಬಿಡಬೇಕು. ಹಾರ್ನ್ ಹೊಡೆದು ಓಡಿಸುವುದಲ್ಲ. ಸಿಗ್ನಲ್ ಇದ್ದಲ್ಲಿ ಬಿಳಿ ಗೆರೆಯ ಹಿಂದೆಯೇ ನಿಲ್ಲಬೇಕು. ಮುಂದೆ ಗಾಡಿಗಳು ಕಟ್ಟಿಕೊಂಡಿದ್ದರೆ ಪಟ್ಟೆ ಮೇಲೆ ಹತ್ತಿಸಿ ದಾರಿ ಮುಚ್ಚಬಾರದು.

ನಮ್ಮ ಹಳ್ಳಿ ಹುಡುಗರನ್ನೇ ನೋಡಿ. ಊರಲ್ಲಿ ದನ ಅಡ್ಡ ಬಂದರೆ ಬೈಕ್ ನಿಲ್ಲಿಸುವವರು ಪಟ್ಟಣದ ಸಿಗ್ನಲ್‌ನಲ್ಲಿ ಮುಂದಿನ ಗಾಲಿಯನ್ನು ಪಟ್ಟೆ ಮೇಲೇ ಇಟ್ಟಿರುತ್ತಾರೆ. ಕೆಂಪು ಅಂಕಿ 3ಕ್ಕೆ ಇಳಿಯುವಷ್ಟರಲ್ಲಿ ಅರ್ಧ ಸರ್ಕಲ್ ದಾಟಿರುತ್ತಾರೆ. ಅದೇ 3 ಸೆಕೆಂಡಿನಲ್ಲಿ ಯಾರದೋ ಅವ್ವ ಕೊನೆಯ ನಾಲ್ಕು ಹೆಜ್ಜೆ ಹಾಕುತ್ತಿರುತ್ತಾಳೆ.

“ಗೆರೆಯೇ ಕಾಣಲ್ಲ ಸಾರ್” ಅಂತ ಒಬ್ಬ ಹುಡುಗ ನನ್ನೊಂದಿಗೆ ವಾದಿಸಿದ. ಮಾತು ಸುಳ್ಳಲ್ಲ, ನಮ್ಮ ಸರ್ಕಲ್‌ನ ಬಣ್ಣ ಎಂದೋ ಮಾಸಿಹೋಗಿದೆ. ಅದಕ್ಕೂ ಆ ನಿಯಮದಲ್ಲೇ ಉತ್ತರವಿದೆ: ಗೆರೆ ಇಲ್ಲದಿದ್ದರೂ ಮಾಸಿದ್ದರೂ ಜನ ದಾಟುವ ಜಾಗಕ್ಕಿಂತ ಮೊದಲೇ ನಿಲ್ಲಬೇಕು.